ನಾಲ್ವರು ಹಿಡಿದ ಹಾಸಿಗೆ
(ಲೂರ್ದು ಮಾತೆಯ ಹಬ್ಬ, ವಿಶ್ವ ರೋಗಿಗಳ ದಿನ: ಫೆಬ್ರವರಿ 11)



1858ರ ಫೆಬ್ರವರಿ 11ರಂದು ಫ್ರಾನ್ಸ್ ದೇಶದ ಲೂರ್ದಿನಲ್ಲಿ ಮಾತೆ ಮರಿಯಮ್ಮನವರು ಬೆರ್ನದೆತ್ ಎಂಬ ಬಡ ಬಾಲಕಿಗೆ ದರ್ಶನವಿತ್ತರು. ಆ ದಿನವನ್ನೇ ಜಗದ್ಗುರು ಎರಡನೇ ಜಾನ್ ಪೌಲರು 1992ರಲ್ಲಿ ವಿಶ್ವ ರೋಗಿಗಳ ದಿನವೆಂದು ಸಾರಿದರು. ಅಂದು ನಾವು ರೋಗಿಗಳಿಗಾಗಿ ಪ್ರಾರ್ಥಿಸುತ್ತೇವೆ. ಅವರನ್ನು ಹಗಲಿರುಳು ಆರೈಕೆ ಮಾಡುವ ದಾದಿಯರು ತಮ್ಮತಮ್ಮಲ್ಲಿ ಹೇಗಿದ್ದಾರೆಂದು ನಾವು ಕೇಳುವುದು ಕಡಿಮೆ.

ಸಂತ ಮಾರ್ಕನ ಶುಭಸಂದೇಶದ ಎರಡನೇ ಅಧ್ಯಾಯದಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತರುತ್ತಾರೆ. ಜನಸಂದಣಿಯಿಂದಾಗಿ ಒಳಗೆ ಹೋಗಲಾಗದೆ, ಛಾವಣಿಯನ್ನು ತೆರೆದು ಹಾಸಿಗೆಯನ್ನು ಕೆಳಗಿಳಿಸುತ್ತಾರೆ. ಒಬ್ಬ ಬೇಗ, ಒಬ್ಬ ನಿಧಾನವಾಗಿ ಇಳಿಸಿದ್ದರೆ ರೋಗಿ ಉರುಳಿ ಬೀಳುತ್ತಿದ್ದ. ಪ್ರಭುಯೇಸು ಕಂಡದ್ದು ಅವರೆಲ್ಲರ ವಿಶ್ವಾಸವನ್ನು.

ಹೀಗೆ ಒಬ್ಬರನ್ನೊಬ್ಬರು ನಂಬಿ ದುಡಿಯುವುದರಿಂದ ಬರುವ ಬಲವನ್ನು ಸಮಾಜಶಾಸ್ತ್ರಜ್ಞರು 'ಸಾಮಾಜಿಕ ಬಂಡವಾಳ' ಎನ್ನುತ್ತಾರೆ. ತುರುವೇಕೆರೆ, ತಿಪಟೂರು ಸೀಮೆಯವರಿಗೆ ಇದು ಹೊಸತಲ್ಲ. ತೆಂಗಿನ ನಾರಿನ ಒಂದು ಎಳೆ ಬೆರಳಿನಲ್ಲೇ ತುಂಡಾಗುತ್ತದೆ. ಹೊಸೆದ ಹಗ್ಗ ಬಾವಿಯಿಂದ ತುಂಬಿದ ಕೊಡವನ್ನು ಎತ್ತುತ್ತದೆ.

ಆಸ್ಪತ್ರೆಯಲ್ಲಿ ಈ ಹಗ್ಗದ ಪರೀಕ್ಷೆ ನಡೆಯುವುದು ಪಾಳಿ ಬದಲಾಗುವಾಗ. ಯಾರಿಗೆ ಯಾವ ಔಷಧಿ ಕೊಟ್ಟಾಯಿತು, ಯಾರಿಗೆ ಜ್ವರ ಏರಿದೆ, ಯಾವ ಅಜ್ಜಿ ಊಟ ಬಿಟ್ಟಿದ್ದಾರೆ ಎಂಬುದನ್ನು ರಾತ್ರಿಯ ದಾದಿ ಬೆಳಗಿನವರಿಗೆ ಹೇಳಬೇಕು. ಇಬ್ಬರ ನಡುವೆ ಮಾತೇ ಇಲ್ಲದಿದ್ದರೆ ಕಷ್ಟಪಡುವವನು ರೋಗಿ.

ಕೆಲವು ವರ್ಷಗಳ ಹಿಂದೆ ಆಸ್ಪತ್ರೆಯೊಂದಕ್ಕೆ ಪರಮಪ್ರಸಾದ ಕೊಡಲು ಹೋಗಿದ್ದೆ. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಔಷಧಿ ಚೀಟಿ ಹಿಡಿದು ನಿಂತಿದ್ದಳು. ಬರಹ ಅವಳಿಗೆ ಸರಿಯಾಗಿ ತಿಳಿಯಲಿಲ್ಲ. "ಹೋಗಿ ಕೇಳಮ್ಮಾ" ಎಂದೆ. "ಬೇಡ ಫಾದರ್, ನಿನ್ನೆ ಕೇಳಿದ್ದಕ್ಕೇ ಎಲ್ಲರ ಮುಂದೆ ಬೈಸಿಕೊಂಡೆ" ಎಂದಳು. ಅಷ್ಟರಲ್ಲಿ ಹಿರಿಯ ದಾದಿಯೊಬ್ಬರು ತಾವಾಗಿಯೇ ಬಂದು, "ಕೊಡು, ಇಬ್ಬರೂ ನೋಡೋಣ" ಎಂದರು. ಆಕೆ ತೆಗೆದಿಟ್ಟಿದ್ದ ಔಷಧಿಯೇ ಬೇರೆಯಾಗಿತ್ತು!

ಅಮೆರಿಕದ ಏಮಿ ಎಡ್ಮಂಡ್‌ಸನ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಂದಾಣಿಕೆ ಚೆನ್ನಾಗಿದ್ದ ವಾರ್ಡುಗಳಲ್ಲೇ ಔಷಧಿಯ ತಪ್ಪುಗಳು ಹೆಚ್ಚು ಕಂಡುಬಂದವು. ಅಲ್ಲಿನವರು ತಪ್ಪನ್ನು ಹೆದರದೆ ಹೇಳುತ್ತಿದ್ದುದೇ ಇದಕ್ಕೆ ಕಾರಣವೆಂದು ಆಕೆ ಕಂಡುಕೊಂಡರು. ಹೇಳಿದ ತಪ್ಪನ್ನು ತಿದ್ದಬಹುದು, ಮುಚ್ಚಿಟ್ಟದ್ದನ್ನು ತಿದ್ದಲಾಗದು. ಪಾಪನಿವೇದನೆ ಮಾಡುವ ನಮಗೆ ಇದು ಅರ್ಥವಾಗದೇ?

1886ರಲ್ಲಿ ಬೆಂಗಳೂರಿನ ಸಂತ ಮಾರ್ಥಾ ಆಸ್ಪತ್ರೆಯನ್ನು ಆರಂಭಿಸಿದ ಗುಡ್ ಶೆಫರ್ಡ್ ಭಗಿನಿಯರದು ಒಂದೇ ಮನೆ, ಒಂದೇ ಪ್ರಾರ್ಥನೆ. ಇಂದಿನ ದಾದಿಯರು ಬೇರೆ ಬೇರೆ ಊರು, ಜಾತಿ, ಧರ್ಮಗಳವರು. ಒಬ್ಬರು ಕಾಯಂ, ಇನ್ನೊಬ್ಬರು ಗುತ್ತಿಗೆ. ಅವರ ನಡುವಿನ ನಂಬಿಕೆಯನ್ನು ದಿನವೂ ಹೊಸೆಯಬೇಕು. ಹಾಗೆಂದು ಒಬ್ಬಳ ಮೇಲೆ ಮೂವರ ಕೆಲಸ ಹೊರಿಸಿ, "ಹೊಂದಿಕೊಂಡು ಹೋಗಿ" ಎನ್ನುವುದು ನ್ಯಾಯವಲ್ಲ. ಸಾಕಷ್ಟು ಜನ, ಸರಿಯಾದ ಸಂಬಳ, ವಿಶ್ರಾಂತಿ ಇವೂ ಬೇಕು.

ನಾವೇನು ಮಾಡಬಹುದು? ಆಸ್ಪತ್ರೆಗೆ ಹೋದಾಗ ಒಬ್ಬ ದಾದಿಯ ಮುಂದೆ ಇನ್ನೊಬ್ಬರನ್ನು ದೂರದಿರೋಣ. ದಾದಿಯಾಗಿರುವ ಮಗಳು ಪಾಳಿ ಮುಗಿಸಿ ಮನೆಗೆ ಬಂದಾಗ ಅವಳ ಮಾತನ್ನು ಕೇಳೋಣ. ದಾದಿಯರನ್ನು ನಾವು 'ಸಿಸ್ಟರ್' ಎಂದೇ ಕರೆಯುತ್ತೇವಲ್ಲವೇ? ಅವರು ಪರಸ್ಪರರಿಗೂ ಸಹೋದರಿಯರಾಗಿ ಬಾಳುವಂತೆ ಲೂರ್ದು ಮಾತೆ ನಮಗಾಗಿ ಪ್ರಾರ್ಥಿಸಲಿ. ಆಮೆನ್.