ಕಾರ್ಣಿಕದ ನುಡಿಯೂ ಮನಸ್ಸಿನ ಒಳದಾರಿಯೂ

ಹಡಗಲಿ ತಾಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ, ಡೆಂಕನಮರಡಿಯ ಬಯಲಿನಲ್ಲಿ ಲಕ್ಷಾಂತರ ಜನರು ಮೈಯೆಲ್ಲ ಕಿವಿಯಾಗಿ ನಿಂತಿರಲು, ವ್ರತನಿಷ್ಠನಾದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ, ಆಕಾಶವನ್ನು ದಿಟ್ಟಿಸಿ, ‘ಸದ್ದಲೇ’ ಎಂದು ಕೂಗುತ್ತಲೇ ಆ ಮಹಾಸಮೂಹವು ಉಸಿರು ಬಿಗಿಹಿಡಿದು ನಿಶ್ಶಬ್ದವಾಗುವುದೂ, ಆ ನಿಶ್ಶಬ್ದದಲ್ಲಿ ನಾಲ್ಕಾರು ಪದಗಳ ಒಂದೇ ಒಂದು ವಾಕ್ಯವನ್ನು ನುಡಿದು ಆತನು ಬಿಲ್ಲಿನಿಂದ ಕೆಳಕ್ಕೆ ಬೀಳುವುದೂ, ಭಕ್ತರು ಆತನನ್ನು ನೆಲಕ್ಕೆ ತಾಗಗೊಡದೆ ಹಿಡಿದುಕೊಳ್ಳುವುದೂ ಕ್ಷಣಾರ್ಧದಲ್ಲಿ ನಡೆದುಹೋಗುತ್ತವೆ. ಕಾರ್ಣಿಕವು ಅಲ್ಲಿಗೆ ಮುಗಿಯಿತು. ಕೇಳಿದವರ ವಿಚಾರವು ಮೊದಲಾಗುವುದು ಆಮೇಲೆ. ಕೂಡ್ಲಿಗಿಯ ಶೇಂಗಾ ಬೆಳೆಗಾರನು ಅದರಲ್ಲಿ ಮಳೆಯನ್ನು ಕಾಣುತ್ತಾನೆ, ಕೊಟ್ಟೂರಿನ ವರ್ತಕನು ಧಾರಣೆಯನ್ನು, ರಾಜಕೀಯದಲ್ಲಿ ಆಸಕ್ತಿಯುಳ್ಳವನು ಅಧಿಕಾರದ ಭವಿತವ್ಯವನ್ನು.

ಈ ಆಚರಣೆಯ ಪಾವಿತ್ರ್ಯದ ವಿಷಯದಲ್ಲಿ ನನಗೆ ಯಾವ ತಕರಾರೂ ಇಲ್ಲ. ನಾನು ವಿಚಾರಿಸಹೊರಟಿರುವುದು ಕೇಳುವವನ ಮನೋವ್ಯಾಪಾರವನ್ನು. ನುಡಿಯು ಚಿಕ್ಕದು, ಅರ್ಥಗಳು ಅನೇಕ. ವರ್ಷವಿಡೀ ನಡೆಯುವ ಸಾವಿರ ಸಂಗತಿಗಳಲ್ಲಿ ಯಾವುದೋ ಒಂದು ಅದಕ್ಕೆ ಹೊಂದಿಕೊಳ್ಳದೆ ಇರದು; ಹೊಂದಿಕೊಂಡದ್ದು ಕಟ್ಟೆಯ ಮೇಲೆ ಮತ್ತೆ ಮತ್ತೆ ಹೇಳಲ್ಪಟ್ಟು ನೆನಪಿನಲ್ಲಿ ಬೇರೂರುತ್ತದೆ. ಹೊಂದದೆ ಹೋದವುಗಳಾದರೋ ಲೆಕ್ಕಕ್ಕೇ ಬರುವುದಿಲ್ಲ. ಏಕೆಂದರೆ ಆ ನುಡಿಗೆ ಇಂಥದೇ ಅರ್ಥವೆಂದು ಯಾರೊಬ್ಬರೂ ಮುಂಚಿತವಾಗಿ ಬರೆದಿಟ್ಟಿರುವುದಿಲ್ಲ.

ಇದು ನಮ್ಮ ಸೀಮೆಯವರೊಬ್ಬರ ಸ್ವಭಾವವಲ್ಲ. 1974ರಲ್ಲಿ ಆಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ ಎಂಬ ಇಸ್ರೇಲಿನ ಮನಶ್ಶಾಸ್ತ್ರಜ್ಞರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಅನಿಶ್ಚಿತವಾದ ವಿಷಯಗಳನ್ನು ನಿರ್ಣಯಿಸುವಾಗ ಮನುಷ್ಯನ ಬುದ್ಧಿಯು ಗಣಿತದ ಹೆದ್ದಾರಿಯನ್ನು ಬಿಟ್ಟು ಕೆಲವು ಒಳದಾರಿಗಳಲ್ಲಿ ನಡೆಯುತ್ತದೆಂಬುದನ್ನು ತೋರಿಸಿಕೊಟ್ಟರು. ಅವರ ಒಂದು ಪ್ರಯೋಗದಲ್ಲಿ ಜನರ ಕಣ್ಣೆದುರಿಗೇ ಅಂಕೆಗಳ ಚಕ್ರವನ್ನು ತಿರುಗಿಸಿ, ವಿಶ್ವಸಂಸ್ಥೆಯ ಸದಸ್ಯರಲ್ಲಿ ಆಫ್ರಿಕದ ರಾಷ್ಟ್ರಗಳು ಶೇಕಡಾ ಎಷ್ಟಿರಬಹುದೆಂದು ಕೇಳಲಾಯಿತು. ಚಕ್ರದಲ್ಲಿ 10 ಬಂದವರ ಅಂದಾಜುಗಳ ನಡುವಣ ಸಂಖ್ಯೆ 25. 65 ಬಂದವರದು 45. ಅರ್ಥವಿಲ್ಲವೆಂದು ಬಲ್ಲ ಅಂಕೆಯೇ ಬುದ್ಧಿಯನ್ನು ಇಷ್ಟು ಸೆಳೆಯುವುದಾದರೆ, ಭಕ್ತಿಯಿಂದ ಕೇಳಿದ ನುಡಿಯು ಎಷ್ಟು ಸೆಳೆಯಬಹುದು! ಸುಲಭವಾಗಿ ನೆನಪಿಗೆ ಬರುವುದೇ ಹೆಚ್ಚಾಗಿ ನಡೆಯತಕ್ಕದ್ದೆಂದು ನಂಬುವುದು ಅವರು ವಿವರಿಸಿದ ಮತ್ತೊಂದು ಒಳದಾರಿ. ಕಾನೆಮನ್ನರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ದೊರೆಯಿತು. ಟ್ವೆರ್ಸ್ಕಿಯವರು 1996ರಲ್ಲಿಯೇ ತೀರಿಕೊಂಡಿದ್ದರು.

ಈ ಎರಡನೆಯ ಒಳದಾರಿಯು ನಮ್ಮ ಒಣಭೂಮಿಯ ಸಂಸಾರಗಳಿಗೆ ಮಾಡಿರುವ ನಷ್ಟವನ್ನು ನೆನೆದರೆ ಮನಸ್ಸು ನೋಯುತ್ತದೆ. ಅಂಗೈಯ ಮೇಲಿನ ತೆಂಗಿನಕಾಯಿ ಎದ್ದು ನಿಂತ ಕಡೆ ಪಾಯಿಂಟ್ ಮಾಡಿಸಿ ಬೋರು ಹೊಡೆಸಿದವನ ಹೊಲದಲ್ಲಿ ಎರಡಿಂಚು ನೀರು ಬಿದ್ದರೆ, ಆ ಹಸಿರನ್ನು ದಾರಿಹೋಕರೆಲ್ಲ ದಿನವೂ ಕಾಣುತ್ತಾರೆ. ಅದೇ ಪಾಯಿಂಟಿನವನು ತೋರಿಸಿದ ಕಡೆ ಬರಿಯ ಧೂಳೆದ್ದ ಬೋರುಗಳು ಕಲ್ಲು ಮುಚ್ಚಿಸಿಕೊಂಡು ಕಣ್ಮರೆಯಾಗುತ್ತವೆ, ಸಾಲದ ಪತ್ರವೊಂದೇ ಉಳಿಯುತ್ತದೆ. ನೀರು ಸಿಕ್ಕದೆ ಹೋದಾಗಲೂ ನಿಲ್ಲಿಸಲು ಮನಸ್ಸು ಬಾರದು. ‘ಇಷ್ಟು ಹೊಡಿಸೀವಿ, ಇನ್ನೊಂದು ನೂರು ಫೂಟು ಹೊಡೀಲಿ ಬಿಡ್ರಿ’ ಎಂಬ ಮಾತನ್ನು ಕೇಳದ ಹಳ್ಳಿಯುಂಟೆ? ಕರಿಕಲ್ಲಿನ ನೆಲದಲ್ಲಿ ನೀರು ನಿಲ್ಲುವುದು ಬಂಡೆಯ ಬಿರುಕುಗಳಲ್ಲಿ. ಆಳಕ್ಕಿಳಿದಂತೆ ಬಿರುಕುಗಳು ಸಾಮಾನ್ಯವಾಗಿ ವಿರಳವಾಗುತ್ತವೆ. ಹೋದ ಹಣ ಹೋಯಿತು. ಮುಂದಿನ ನೂರು ಅಡಿಯ ಫಲವೇನೆಂಬುದೊಂದೇ ಆಗ ವಿಚಾರಿಸತಕ್ಕ ಪ್ರಶ್ನೆ. ಕಳೆದ ವರ್ಷ ಉಳ್ಳಾಗಡ್ಡಿಗೆ ಬಂದ ಬೆಲೆಯನ್ನು ನೆನೆದು ಹಗರಿಬೊಮ್ಮನಹಳ್ಳಿಯ ಕಡೆ ಎಲ್ಲರೂ ಅದನ್ನೇ ಹಾಕಿದರೆ ಧಾರಣೆಯು ಬೀಳುವುದೂ ಇದೇ ಜಾತಿಯ ಕಥೆ.

ಹಾಗೆಂದು ಒಳದಾರಿಗಳನ್ನೆಲ್ಲ ಮುಚ್ಚಬೇಕೆಂದು ನಾನು ಹೇಳಲಾರೆ. 1978ರಲ್ಲಿ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ ಎಂಬ ಅಮೆರಿಕದ ವಿದ್ವಾಂಸರು, ಮನುಷ್ಯನಿಗಿರುವ ಕಾಲವೂ ತಿಳಿವಳಿಕೆಯೂ ಮಿತವಾದುದರಿಂದ ಆತನು ಸರ್ವೋತ್ತಮವಾದುದನ್ನು ಅರಸುತ್ತ ಕೂಡದೆ ಸಾಕಷ್ಟು ಒಳ್ಳೆಯದಾದುದನ್ನು ಆರಿಸಿಕೊಳ್ಳುತ್ತಾನೆಂದು ಪ್ರತಿಪಾದಿಸಿದರು. ಹರಪನಹಳ್ಳಿಯ ರೈತನು ರೋಹಿಣಿ, ಮೃಗಶಿರ, ಆರಿದ್ರೆಗಳ ಲೆಕ್ಕ ಹಿಡಿದು, ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ಹಸಿಯನ್ನು ಪರೀಕ್ಷಿಸಿ ಬಿತ್ತಲು ಹೊರಡುವಾಗ ಮಾಡುವುದು ಇದನ್ನೇ. ಇನ್ನೂ ಯೋಚಿಸುತ್ತ ನಿಂತರೆ ಹಸಿಯು ಆರಿಹೋಗುತ್ತದೆ. ಈ ಒಳದಾರಿಗೂ ಪಾಯಿಂಟಿನ ಒಳದಾರಿಗೂ ನನಗೆ ಕಾಣುವ ಭೇದವು ಇಷ್ಟೇ: ಬಿತ್ತನೆಯ ತಪ್ಪನ್ನು ಹೊಲವು ನಾಲ್ಕು ತಿಂಗಳೊಳಗೆ ಎಲ್ಲರ ಕಣ್ಣಿಗೂ ಬೀಳುವಂತೆ ತೋರಿಸಿ ರೈತನನ್ನು ತಿದ್ದುತ್ತದೆ, ಬತ್ತಿದ ಬೋರಿನ ತಪ್ಪನ್ನು ಮಾತ್ರ ನಾವೇ ಕಲ್ಲಿಟ್ಟು ಮುಚ್ಚಿಬಿಡುತ್ತೇವೆ.

ಬರುವ ಭಾರತ ಹುಣ್ಣಿಮೆಗೆ ಮೈಲಾರಕ್ಕೆ ಹೋಗತಕ್ಕ ಓದುಗರಲ್ಲಿ ನನ್ನದೊಂದು ಪ್ರಾರ್ಥನೆಯುಂಟು. ಕೇಳಿದ ನುಡಿಯನ್ನೂ, ಅದಕ್ಕೆ ನೀವು ಮಾಡಿದ ಅರ್ಥವನ್ನೂ ಅಂದೇ ಮನೆಯ ಲೆಕ್ಕದ ಪುಸ್ತಕದಲ್ಲಿ ತೇದಿ ಹಾಕಿ ಬರೆಯಿರಿ. ಮರುವರ್ಷದ ಜಾತ್ರೆಗೆ ಮುನ್ನ ತೆಗೆದು ಓದಿರಿ. ಅದೇ ಪುಸ್ತಕದಲ್ಲಿ ನಿಮ್ಮ ಊರಿನ ಬೋರುಗಳಿಗೂ ಒಂದು ಹಾಳೆಯನ್ನು ಮೀಸಲಿಡಿ: ಪಾಯಿಂಟ್ ಹೇಗಾಯಿತು, ಎಷ್ಟು ಅಡಿ ಹೋಯಿತು, ನೀರು ಬಂದಿತೋ ಇಲ್ಲವೋ. ನೀರು ಬಾರದವುಗಳನ್ನೇ ಮೊದಲು ಬರೆಯಿರಿ.