ಉಪ್ಪಿನ ಪೊಟ್ಟಣ ಬೇಡ, ಮಾತ್ರೆಯ ಚೀಲ ತನ್ನಿ

ಹಳೇ ಮೈಸೂರು ಸೀಮೆಯ ಈ ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯರ ವಿಭಾಗಕ್ಕೆ ದಾರಿ ಕೇಳಬೇಕಾಗಿಲ್ಲ. ಚೀಟಿ ಮಾಡಿಸುವ ಕಿಟಕಿ ದಾಟಿ, ಗಾಲಿಕುರ್ಚಿಗಳು ಹೋಗುತ್ತಿರುವ ಕಡೆಗೆ ಹೆಜ್ಜೆ ಹಾಕಿದರೆ ಸಾಕು. ಏಪ್ರಿಲ್ ತಿಂಗಳ ಕೊನೆ. ಬೆಳಗ್ಗೆ ಒಂಬತ್ತಕ್ಕೇ ಪಡಸಾಲೆಯ ಫ್ಯಾನುಗಳು ಬಿಸಿಗಾಳಿ ಬೀಸುತ್ತಿವೆ. ಬೆಂಚುಗಳ ಮೇಲೆ ಎಪ್ಪತ್ತು ದಾಟಿದವರು, ಒಬ್ಬೊಬ್ಬರ ಪಕ್ಕಕ್ಕೂ ಮಗಳೋ ಸೊಸೆಯೋ ಮೊಮ್ಮಗನೋ. ಕರೆತಂದವರ ಕೈಯಲ್ಲಿ ದೊಡ್ಡ ದೊಡ್ಡ ನೀರಿನ ಬಾಟಲಿ. ಐದು ನಿಮಿಷಕ್ಕೊಮ್ಮೆ ‘ಒಂದ್ ಗುಟುಕು ಕುಡೀರಿ’ ಎಂಬ ಉಪಚಾರ ನಡೆದೇ ಇದೆ.

ವಯಸ್ಸಾದವರ ಆರೋಗ್ಯಕ್ಕಾಗಿ ಕೇಂದ್ರ ಸರ್ಕಾರ 2010-11ರಲ್ಲಿ ಶುರುಮಾಡಿದ ರಾಷ್ಟ್ರೀಯ ಕಾರ್ಯಕ್ರಮದಡಿ, ಜಿಲ್ಲಾ ಆಸ್ಪತ್ರೆಗಳಿಗೆ ಪ್ರತ್ಯೇಕ ಹೊರರೋಗಿ ವಿಭಾಗ ಮತ್ತು 10 ಹಾಸಿಗೆಗಳ ವಾರ್ಡು ನಿಗದಿಯಾಯಿತು. ನಾನು ನೋಡಲು ಬಂದದ್ದು ಆ ವಾರ್ಡನ್ನೇ. ಈಚೆಗೆ ಯಾರ ಮನೆಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ: ‘ಅಮ್ಮನಿಗೆ ಸೋಡಿಯಂ ಕಮ್ಮಿಯಾಗಿತ್ತಂತೆ, ಅಡ್ಮಿಟ್ ಮಾಡಿದ್ವಿ.’

ಪಡಸಾಲೆಯಲ್ಲಿ ನನ್ನ ಪಕ್ಕ ಕೂತ ಹೆಂಗಸು ಮಂಡ್ಯದ ಕಡೆಯವರು. ಅತ್ತೆಯನ್ನು ಕರೆತಂದಿದ್ದಾರೆ. ‘ಮೂರು ದಿವ್ಸದಿಂದ ಒಂಥರಾ ಆಡ್ತವ್ರೆ. ಒಲೆ ಮ್ಯಾಲೆ ಹಾಲಿಟ್ಟು ಬಚ್ಚಲಿಗೆ ಹೋಗಿ ಸುಮ್ನೆ ನಿಂತ್ಕತಾರೆ. ನನ್ನ ನಾದ್ನಿ ಹೆಸ್ರು ಹಿಡ್ದು ಕರೀತಾರೆ. ನಡೆದ್ರೆ ವಾಲಾಡ್ತಾರೆ.’ ಊರಿನವರು ಆಗಲೇ ತೀರ್ಪು ಕೊಟ್ಟಾಗಿದೆಯಂತೆ: ವಯಸ್ಸಾಯಿತು, ಅರಳುಮರಳು.

ಅರಳುಮರಳು ಮೂರು ದಿನದಲ್ಲಿ ಬರುವುದಿಲ್ಲ. ಮರೆವಿನ ಕಾಯಿಲೆ ತಿಂಗಳು, ವರ್ಷಗಳ ಲೆಕ್ಕದಲ್ಲಿ ಮೆಲ್ಲಗೆ ಆವರಿಸುವಂಥದ್ದು. ಹೋದ ವಾರ ಸರಿಯಿದ್ದ ಅಜ್ಜಿ ಈ ವಾರ ಹೊತ್ತುಗೊತ್ತು ತಪ್ಪಿದರೆ ಅದರ ಹಿಂದೆ ಸೋಂಕೋ, ಸಕ್ಕರೆಯ ಏರಿಳಿತವೋ, ಪಾರ್ಶ್ವವಾಯುವೋ, ಸೋಡಿಯಂ ಕುಸಿತವೋ ಇರುತ್ತದೆ. ವಯಸ್ಸಿನ ಮೇಲೆ ಹೊರಿಸಿ ಸುಮ್ಮನಾಗುವುದು ನಮ್ಮ ಮನೆಗಳ ಕೆಟ್ಟ ಚಾಳಿ.

ಒಳಗೆ ವೈದ್ಯೆಯ ಮೊದಲ ಪ್ರಶ್ನೆ ನೋವು, ಜ್ವರದ್ದಲ್ಲ. ‘ಮಾತ್ರೆ ಚೀಲ ತಂದಿದ್ದೀರೇನಮ್ಮ?’ ಸೊಸೆ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರೊಂದನ್ನು ಮೇಜಿನ ಮೇಲೆ ಬೋರಲು ಹಾಕಿದರು. ಬಿಪಿ ಮಾತ್ರೆ, ಗ್ಯಾಸಿನ ಮಾತ್ರೆ, ಮಂಡಿನೋವಿನ ಮಾತ್ರೆ, ಗಂಡ ತೀರಿಕೊಂಡ ಮೇಲೆ ಮಂಕಾಗಿದ್ದಾರೆಂದು ಇನ್ಯಾರೋ ಬರೆದುಕೊಟ್ಟ ಎಸ್ಸಿಟಲೋಪ್ರಾಂ. ವೈದ್ಯೆ ಒಂದೊಂದೇ ಪಟ್ಟಿಯನ್ನು ಬೆಳಕಿಗೆ ಹಿಡಿದು ಓದಿ, ಬಿಪಿಯದನ್ನು ಬೇರೆ ತೆಗೆದಿಟ್ಟರು. ಹೈಡ್ರೋಕ್ಲೋರೋಥಯಜೈಡ್ ಸೇರಿದ ಮಾತ್ರೆ. ಜನ ‘ನೀರು ಹೋಗೋ ಮಾತ್ರೆ’ ಎನ್ನುವ ಗುಂಪಿನದು.

‘ಇದು ಯಾವಾಗಿಂದ?’

‘ಯುಗಾದಿ ಕಳೆದ್ಮೇಲೆ ಬದಲಾಯಿಸಿಕೊಟ್ರು ಮೇಡಂ.’

ಈ ಗುಂಪಿನ ಮಾತ್ರೆಗಳು ಅಗ್ಗ, ಒಳ್ಳೆಯವು, ಲಕ್ಷಾಂತರ ಜನರ ರಕ್ತದೊತ್ತಡವನ್ನು ಹಿಡಿತದಲ್ಲಿ ಇಟ್ಟಿವೆ. ಆದರೆ ಕೆಲವರಲ್ಲಿ, ಅದರಲ್ಲೂ ತೂಕ ಕಡಿಮೆಯಿರುವ ವಯಸ್ಸಾದ ಹೆಂಗಸರಲ್ಲಿ, ಶುರುಮಾಡಿದ ಮೊದಲ ವಾರಗಳಲ್ಲೇ ಸೋಡಿಯಂ ಇಳಿಸಿಬಿಡುತ್ತವೆ. ಕ್ಲೋರ್‌ಥಾಲಿಡೋನ್, ಇಂಡಪಮೈಡ್ ಕೂಡ ಇದೇ ಬಳಗ. ಮನಸ್ಸಿನ ಕಾಯಿಲೆಯ ಎಸ್ಸಿಟಲೋಪ್ರಾಂ, ಸರ್ಟ್ರಲೀನ್, ಫಿಟ್ಸಿನ ಕಾರ್ಬಮಜೆಪೀನ್, ಕೆಲವೊಮ್ಮೆ ಗ್ಯಾಸಿನ ಮಾತ್ರೆಯೂ ಸಾಲಿಗೆ ಸೇರುತ್ತವೆ. ಈ ಅಜ್ಜಿಯ ಚೀಲದಲ್ಲಿ ಅಂಥವು ಮೂರಿದ್ದವು. ಬರೆದವರು ಮೂವರು; ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ.

ಪ್ರಯೋಗಾಲಯ ಪಕ್ಕದ ಕೋಣೆಯಲ್ಲೇ. ರಕ್ತ ಒಳಗೆ ಹೋದ ಕೆಲವೇ ನಿಮಿಷಗಳಲ್ಲಿ ಯಂತ್ರ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್‌ಗಳನ್ನು ಸಾಲಾಗಿ ಮುದ್ರಿಸಿ ಕೊಡುತ್ತದೆ. ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. 130ರವರೆಗೆ ಸ್ವಲ್ಪ ಕಡಿಮೆ, 125ರಿಂದ 129 ನಡುಮಟ್ಟ, ಅದಕ್ಕಿಂತ ಕೆಳಗೆ ತೀವ್ರ. ಅಜ್ಜಿಯದು 118. ತಂತ್ರಜ್ಞ ಸಕ್ಕರೆಯ ಅಂಕಿಯನ್ನೂ ಪಕ್ಕದಲ್ಲಿ ಬರೆದ. ಸಕ್ಕರೆ ವಿಪರೀತ ಏರಿದ್ದರೆ ಸೋಡಿಯಂ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. 100ರ ಮೇಲೆ ಪ್ರತಿ 100 ಮಿಲಿಗ್ರಾಂ ಸಕ್ಕರೆಗೆ ಸುಮಾರು 1.6ರಷ್ಟು. ಇವರದು ಹಾಗಿರಲಿಲ್ಲ.

ಸೊಸೆ ಕೇಳಿದ್ದು ಎಲ್ಲರೂ ಕೇಳುವುದನ್ನೇ: ‘ಉಪ್ಪು ಜಾಸ್ತಿ ತಿನ್ನಿಸಿದ್ರೆ ಸರಿಹೋಯ್ತದಾ?’

‘ಸಾರಿಗೆ ಉಪ್ಪು ಸರಿಯಾಗೇ ಬಿದ್ದಿತ್ತು, ಆಮೇಲೆ ಯಾರೋ ಎರಡು ಚೊಂಬು ನೀರು ಸುರಿದ್ರು ಅಂದ್ಕೊಳ್ಳಮ್ಮ. ಸಪ್ಪೆ ಯಾಕಾಯ್ತು?’ ಎಂದರು ವೈದ್ಯೆ.

ಇಡೀ ವಿಷಯದ ತಿರುಳು ಇದೇ. ವಯಸ್ಸಾದವರಲ್ಲಿ ಸೋಡಿಯಂ ಕಡಿಮೆಯಾಗುವುದು ಹೆಚ್ಚಿನ ಸಲ ಊಟದಲ್ಲಿ ಉಪ್ಪು ಸಾಲದ್ದರಿಂದಲ್ಲ, ದೇಹ ನೀರನ್ನು ಬಿಟ್ಟುಕೊಡದೆ ಹಿಡಿದುಕೊಳ್ಳುವುದರಿಂದ. ಮೆದುಳಿನಿಂದ ಬರುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಮೂತ್ರಪಿಂಡಕ್ಕೆ ನೀರು ಉಳಿಸಲು ಹೇಳುತ್ತದೆ. ನ್ಯುಮೋನಿಯಾ, ಕ್ಷಯ, ಶ್ವಾಸಕೋಶದ ಕ್ಯಾನ್ಸರ್, ಮೆದುಳಿನ ಪೆಟ್ಟು, ಕೆಲವು ಮಾತ್ರೆಗಳು ಈ ಹಾರ್ಮೋನನ್ನು ಅಗತ್ಯವಿಲ್ಲದಾಗಲೂ ಸುರಿಸುತ್ತವೆ. ವಯಸ್ಸಾದಂತೆ ಹೆಚ್ಚುವರಿ ನೀರನ್ನು ಹೊರಹಾಕುವ ಮೂತ್ರಪಿಂಡದ ಶಕ್ತಿಯೂ ಕುಗ್ಗಿರುತ್ತದೆ. ಹೃದಯ, ಯಕೃತ್ತು ಸೋತವರಲ್ಲಿ ಕಾಲೂದಿಕೊಂಡು ನೀರು ನಿಲ್ಲುವುದೇ ಬೇರೆ ಬಗೆ. ವಾಂತಿಭೇದಿಯಾಗಿ ಉಪ್ಪು, ನೀರು ಎರಡನ್ನೂ ಕಳೆದುಕೊಂಡವರದು ಇನ್ನೊಂದು ಬಗೆ. ಅವರಿಗೆ ಸಲೈನ್ ಬೇಕೇ ಬೇಕು. ಒಬ್ಬರಿಗೆ ಮದ್ದಾದದ್ದು ಇನ್ನೊಬ್ಬರಿಗೆ ಅಪಾಯ. ಅದಕ್ಕೇ ಮೂತ್ರದ ಸೋಡಿಯಂ, ಮೂತ್ರದ ಸಾಂದ್ರತೆ, ಥೈರಾಯ್ಡ್, ಕಾರ್ಟಿಸಾಲ್ ಎಂದು ಪರೀಕ್ಷೆಗಳ ಪಟ್ಟಿ ಬೆಳೆಯುತ್ತದೆ. ‘ಸುಮ್ಸುಮ್ನೆ ಟೆಸ್ಟ್ ಬರೀತಾರೆ’ ಎಂಬ ಗೊಣಗಾಟಕ್ಕೆ ಈ ವಿಷಯದಲ್ಲಿ ಮಾತ್ರ ನಾನು ದನಿಗೂಡಿಸಲಾರೆ.

ವಾರ್ಡಿಗೆ ಹೋದೆ. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ನ್ಯುಮೋನಿಯಾದಿಂದ ಚೇತರಿಸಿಕೊಳ್ಳುತ್ತಿದ್ದಾರೆ, ಸೋಡಿಯಂ ಮಾತ್ರ ಇನ್ನೂ 127. ದಿನಕ್ಕೆ ಒಂದು ಲೀಟರು ನೀರು ಎಂಬ ಕಟ್ಟುಪಾಡು. ಆ ಲೀಟರಿನೊಳಗೆ ಕಾಫಿ, ಮಜ್ಜಿಗೆ, ತಿಳಿಸಾರು, ಮಾತ್ರೆ ನುಂಗುವ ಗುಟುಕು ಎಲ್ಲ ಸೇರಬೇಕು. ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಗೆರೆ ಎಳೆದು ಲೆಕ್ಕ ಬರೆಯುತ್ತಿದ್ದಾರೆ. ‘ಕಾಫಿ ನೂರು, ಸಾರು ನೂರೈವತ್ತು. ಸಾಯಂಕಾಲದ ಕಾಫಿಗೆ ಉಳಿಸ್ಕೊಳ್ಳೋದೇ ದೊಡ್ಡ ತಾಪತ್ರಯ ಸ್ವಾಮಿ.’ ಬಾಯಿ ಒಣಗಿದರೆ ಮುಕ್ಕಳಿಸಿ ಉಗಿಯುತ್ತಾರೆ, ನಿಂಬೆಹೋಳು ನಾಲಿಗೆಗೆ ಸವರಿಕೊಳ್ಳುತ್ತಾರೆ. ಬೇಸಿಗೆಯಲ್ಲಿ ಎಲ್ಲರೂ ನೀರು ಕುಡಿಯಿರಿ ಎನ್ನುತ್ತಿರುವಾಗ ಇವರೊಬ್ಬರು ಕುಡಿಯಬಾರದು! ಮನೆಗೆ ಹೋದ ಮೇಲೂ ಈ ಲೆಕ್ಕ ಕೆಲಕಾಲ ತಪ್ಪುವುದಿಲ್ಲ.

ಸಂಜೆಯ ಹೊತ್ತಿಗೆ ನಮ್ಮ ಅಜ್ಜಿಗೂ ಒಂದು ಹಾಸಿಗೆ ಸಿಕ್ಕಿತು. ಆ ಬಿಪಿ ಮಾತ್ರೆ ನಿಂತಿದೆ, ಬದಲಿ ಮಾತ್ರೆ ಬಂದಿದೆ. ಊರಿಂದ ಬಂದ ಮಗ ಬಂದವನೇ ‘ಗ್ಲೂಕೋಸ್ ಹಾಕ್ಸಿ ಸಿಸ್ಟರ್, ಸುಸ್ತಾಗವ್ರೆ’ ಎಂದ. ಬಾಟಲಿಯ ಬರೀ ಗ್ಲೂಕೋಸ್ ನೀರು ಇಂಥವರಿಗೆ ವಿಷವಾಗಬಹುದು. ಸಕ್ಕರೆ ಕರಗಿಹೋಗಿ ಉಳಿಯುವುದು ಖಾಲಿ ನೀರೇ. ತೂಗುತ್ತಿದ್ದದ್ದು ಸಲೈನ್. ಅದನ್ನಾದರೂ ಬೇಗ ಹರಿಯಬಿಡಿ ಎಂದು ಅವನ ಒತ್ತಾಯ. ಸಿಸ್ಟರ್ ಒಪ್ಪಲಿಲ್ಲ. ಹಲವು ದಿನಗಳಿಂದ ಕಡಿಮೆಯಿದ್ದ ಸೋಡಿಯಂ 24 ಗಂಟೆಯಲ್ಲಿ ಎಂಟರಿಂದ ಹತ್ತಕ್ಕಿಂತ ಹೆಚ್ಚು ಏರಬಾರದು. ಏರಿದರೆ ಮೆದುಳಿನ ಕಾಂಡದಲ್ಲಿ ನರಗಳ ಹೊದಿಕೆಯೇ ಕಳಚಿ, ಮಾತು, ನುಂಗುವ ಶಕ್ತಿ, ಕೈಕಾಲು ಎಲ್ಲ ಸೋಲಬಹುದು. ಅಂದರೆ 118ಕ್ಕೆ ಇಳಿದವರನ್ನು 135ಕ್ಕೆ ತರಲು ಕಡಿಮೆಯೆಂದರೂ ಎರಡು ದಿನ ಬೇಕು. ಫಿಟ್ಸ್ ಬಂದವರಿಗೆ, ಪ್ರಜ್ಞೆ ತಪ್ಪಿದವರಿಗೆ ಮಾತ್ರ ಶೇ. 3ರ ಗಟ್ಟಿ ಸಲೈನನ್ನು ಸ್ವಲ್ಪ ಸ್ವಲ್ಪವೇ ಕೊಟ್ಟು ಮೊದಲು ನಾಲ್ಕೈದು ಅಂಕಿ ಮೇಲೆತ್ತುತ್ತಾರೆ. ಆಮೇಲೆ ಅಲ್ಲೂ ಅದೇ ಲಗಾಮು. ಕೆಲವು ಗಂಟೆಗೊಮ್ಮೆ ರಕ್ತ ತೆಗೆಯುವುದು ಇದಕ್ಕೇ.

ವಾರ್ಡಿನ ಕೊನೆಯ ಹಾಸಿಗೆಯಲ್ಲಿ ಸೊಂಟದ ಮೂಳೆ ಮುರಿದ ಅಜ್ಜ. ಸೋಡಿಯಂ 129. ಗೊಂದಲವಿಲ್ಲ, ವಾಂತಿಯಿಲ್ಲ, ಚೆನ್ನಾಗಿ ಮಾತಾಡುತ್ತಾರೆ. ಹಟ್ಟಿಯ ಮುಂದೆ ಸುಮ್ಮನೆ ನಡೆಯುತ್ತಾ ಬಿದ್ದರಂತೆ. ಇಷ್ಟು ಕಡಿಮೆಯಾದರೆ ಏನೂ ಆಗದು ಎಂದು ಬಹುಕಾಲ ವೈದ್ಯರೂ ತಿಳಿದಿದ್ದರು. 2006ರಲ್ಲಿ ಬೆಲ್ಜಿಯಂನ ವೈದ್ಯರು, ಲಕ್ಷಣವೇ ಇಲ್ಲವೆನಿಸಿದ 122 ಮಂದಿ ಸೋಡಿಯಂ ಕೊರತೆಯವರನ್ನು ನೋಡಿದರು. ಅವರಲ್ಲಿ ಬಿದ್ದು ಆಸ್ಪತ್ರೆಗೆ ಬಂದವರು ಶೇ. 21; ಸೋಡಿಯಂ ಸರಿಯಿದ್ದವರಲ್ಲಿ ಶೇ. 5. ಕೊರತೆಯಿದ್ದ ಕೆಲವರನ್ನು ನೇರ ಗೆರೆಯ ಮೇಲೆ ನಡೆಸಿದಾಗ ಹೆಜ್ಜೆ ಅತ್ತಿತ್ತ ಸರಿದವು, ಸೋಡಿಯಂ ಸರಿಯಾದ ಮೇಲೆ ನೇರವಾದವು. ಮುದುಕರು ಬೀಳುವುದೇ ಹಾಗೆ ಎಂದು ಸುಮ್ಮನಾಗುವವರು ಇದನ್ನು ಗಮನಿಸಬೇಕು.

ಆಹಾರ ತಜ್ಞೆಯ ಮೇಜಿನಲ್ಲಿ ಇನ್ನೊಂದು ಕಥೆ ತೆರೆದುಕೊಂಡಿತು. ಒಂಟಿಯಾಗಿರುವ ಅಜ್ಜಿಯರ ಊಟ ಕೇಳಿದರೆ ಬೆಳಗ್ಗೆ ಕಾಫಿ, ಬನ್ನು, ಮಧ್ಯಾಹ್ನ ಗಂಜಿ, ರಾತ್ರಿ ಮತ್ತೆ ಗಂಜಿ, ಇಲ್ಲವೇ ಬಿಸ್ಕತ್ತು. ಮೂತ್ರಪಿಂಡ ನೀರನ್ನು ಹೊರಗೆ ಕಳಿಸಬೇಕಾದರೆ ಅದರ ಜೊತೆ ಕಳಿಸಲು ಉಪ್ಪು ಮತ್ತು ಪ್ರೋಟೀನಿನಿಂದ ಬರುವ ಯೂರಿಯಾ ಬೇಕು. ಬೇಳೆ, ಕಾಳು, ಮೊಟ್ಟೆ, ಮೊಸರು ಇಲ್ಲದ ಊಟದಲ್ಲಿ ಅದು ಸಾಲದು, ನೀರು ಒಳಗೇ ನಿಲ್ಲುತ್ತದೆ. ಹಲ್ಲಿಲ್ಲ, ಅಡುಗೆ ಮಾಡಿಹಾಕುವವರಿಲ್ಲ, ತಿನ್ನುವ ಮನಸ್ಸೂ ಇಲ್ಲ. ಈ ಕಾಯಿಲೆಗೆ ಯಾವ ಮಾತ್ರೆ ಬರೆಯುವುದು?

ಗೇಟಿನ ಹೊರಗೆ ಎಳನೀರಿನ ಗಾಡಿಗಳ ಮುಂದೆ ನೂಕುನುಗ್ಗಲು. ಅರ್ಧ ಗಿರಾಕಿಗಳು ಒಳಗಿನ ರೋಗಿಗಳಿಗೆ ಕೊಂಡೊಯ್ಯುವವರು. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ನೀರು ಕಡಿಮೆ ಮಾಡಬೇಕಾದವರಿಗೆ ಅದು ಮತ್ತಷ್ಟು ನೀರು. ಮೂತ್ರಪಿಂಡ ಸೋತವರಿಗೆ ಪೊಟ್ಯಾಸಿಯಂ ಏರುವ ಭಯ. ಸೈಂಧವ ಲವಣ ಶ್ರೇಷ್ಠವೆಂದು ತರುವವರೂ ಇದ್ದಾರೆ. ಅದೂ ಹೆಚ್ಚೂಕಮ್ಮಿ ಸೋಡಿಯಂ ಕ್ಲೋರೈಡೇ. ಇನ್ನು ಬಿಪಿ ಇದೆಯೆಂದು ಯಾರೋ ಹೇಳಿದ್ದಕ್ಕೆ ಉಪ್ಪು ಪೂರ್ತಿ ಬಿಟ್ಟ ಹಿರಿಯರೂ ಸಿಕ್ಕರು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಎನ್ನುತ್ತದೆ, ಸೊನ್ನೆ ಎನ್ನುವುದಿಲ್ಲ.

ಹಿರಿಯರಿರುವ ಮನೆಯವರಿಗೆ ಇಷ್ಟು ಕೇಳಿಕೊಳ್ಳುತ್ತೇನೆ. ಯಾವ ವೈದ್ಯರ ಬಳಿ ಹೋದರೂ ಎಲ್ಲ ಮಾತ್ರೆಗಳನ್ನೂ ಒಂದೇ ಚೀಲದಲ್ಲಿ ಒಯ್ಯಿರಿ. ಹೊಸ ಬಿಪಿ ಮಾತ್ರೆಯನ್ನೋ ಮನಸ್ಸಿನ ಮಾತ್ರೆಯನ್ನೋ ಶುರುಮಾಡಿದರೆ, ಎರಡು ವಾರದೊಳಗೆ ಎಲೆಕ್ಟ್ರೋಲೈಟ್ ಪರೀಕ್ಷೆ ಬೇಕೇ ಎಂದು ಬಾಯಿಬಿಟ್ಟು ಕೇಳಿರಿ. ನಿಮ್ಮಷ್ಟಕ್ಕೆ ನೀವೇ ಮಾತ್ರೆ ನಿಲ್ಲಿಸಬೇಡಿ, ಉಪ್ಪು ತಿನ್ನಿಸಬೇಡಿ. ಅಪ್ಪನೋ ಅಮ್ಮನೋ ಒಂದೆರಡು ದಿನದಲ್ಲಿ ಮಂಕಾದರೆ, ತಡವರಿಸಿದರೆ, ಎಬ್ಬಿಸಿದರೂ ಏಳದಷ್ಟು ನಿದ್ದೆಗೆ ಜಾರಿದರೆ ಅಥವಾ ಫಿಟ್ಸ್ ಬಂದರೆ ಆ ಕ್ಷಣವೇ 108ಕ್ಕೆ ಫೋನ್ ಮಾಡಿ. ಬೆಳಗಾಗಲಿ ಎಂದು ಕಾಯಬೇಡಿ.