ಕಲ್ಲಿನ ಕಥೆ ಕಿವಿಗೂ ಕೇಳಲಿ

ವೆಬ್‌ಸೈಟು ಎಲ್ಲರಿಗೂ ಬಳಸಲು ಬರುತ್ತದೆಯೇ ಎಂದು ಪರೀಕ್ಷಿಸುವುದು ಪುಣೆಯಲ್ಲಿ ನನ್ನ ಕೆಲಸ. ಕಣ್ಣು ಕಾಣದವರು ಕಂಪ್ಯೂಟರ್ ಬಳಸುವುದು ಸ್ಕ್ರೀನ್ ರೀಡರ್ ಮೂಲಕ. ಪರದೆಯ ಮೇಲಿರುವುದನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಉಚಿತವಾಗಿ ಸಿಗುವ ಎನ್‌ವಿಡಿಎಯನ್ನು 2006ರಲ್ಲಿ ಶುರುಮಾಡಿದ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಅವರಿಗೂ ಕಣ್ಣು ಕಾಣುವುದಿಲ್ಲ.

ಕಳೆದ ವರ್ಷ ಕರ್ನಾಟಕದ ಒಂದು ಚಿಕ್ಕ ವಸ್ತುಸಂಗ್ರಹಾಲಯದ ಸೈಟು ನಮ್ಮ ಕೈಗೆ ಬಂತು. ಮಾನಿಟರ್ ಆರಿಸಿ ಎನ್‌ವಿಡಿಎ ಹಾಕಿದೆ. ‘ಗ್ರಾಫಿಕ್, ಐಎಂಜಿ 2034’ ಎಂದಿತು. ಆಮೇಲೆ 2035, 2036. ಅಷ್ಟೂ ಶಿಲ್ಪಗಳು ಬರೀ ನಂಬರು!

ಸೈಟು ಮಾಡಿದವರು ದಡ್ಡರೇನಲ್ಲ. ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳ ನಡುವೆ ಬೇಕಾದ 4.5:1 ವ್ಯತ್ಯಾಸ ಇತ್ತು, ಮೌಸ್ ಇಲ್ಲದೆ ಕೀಬೋರ್ಡಿನಲ್ಲೇ ಓಡಾಡಬಹುದಿತ್ತು. ಇಂಥದರಲ್ಲಿ ಕೆಲವನ್ನು ತಂತ್ರಾಂಶವೇ ಪತ್ತೆಹಚ್ಚುತ್ತದೆ. ಚಿತ್ರಕ್ಕೆ ವಿವರಣೆ ಇದೆಯೋ ಇಲ್ಲವೋ ಎಂದೂ ಹೇಳುತ್ತದೆ. ಆ ವಿವರಣೆಯಿಂದ ಯಾರಿಗಾದರೂ ಏನಾದರೂ ತಿಳಿಯಿತೇ ಎಂದು ಮಾತ್ರ ಹೇಳಲಾರದು.

ವೀರಗಲ್ಲನ್ನೇ ತೆಗೆದುಕೊಳ್ಳಿ. ‘ವೀರಗಲ್ಲು, ಕಲ್ಲಿನ ಶಿಲ್ಪ’ ಎಂದು ಬರೆದರೆ ಪರೀಕ್ಷೆ ಪಾಸು. ನಮ್ಮ ತಂಡದಲ್ಲಿ ಧಾರವಾಡದ ಕಣ್ಣು ಕಾಣದ ಸಹೋದ್ಯೋಗಿಯೊಬ್ಬರಿದ್ದಾರೆ. ನಾನು ಎತ್ತರ, ಅಗಲ ಎಂದು ಶುರುಮಾಡಿದ್ದೇ ತಡ, “ಅಳತಿ ಆಮ್ಯಾಲೆ ಹೇಳ್ರಿ, ಮೊದಲ ಯಾರು ಯಾರಿಗೆ ಹೊಡ್ಯಾಕತ್ತಾರ ಅದನ್ನ ಹೇಳ್ರಿ” ಎಂದರು. ಆಗ ಹೊಳೆದದ್ದು, ವೀರಗಲ್ಲನ್ನು ಓದುವುದು ಕೆಳಗಿನಿಂದ ಮೇಲಕ್ಕೆ. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ಅದೇ ವೀರ. ವಿವರಣೆಯನ್ನೂ ಹಾಗೇ ಬರೆದೆವು. ನಿಜ ಹೇಳಬೇಕೆಂದರೆ, ಕಣ್ಣಿರುವವರೂ ಎಷ್ಟೋ ಜನ ಆ ಕಲ್ಲನ್ನು ಓದದೇ ಮುಂದೆ ಹೋಗುತ್ತಾರೆ.

ಶಿಕಾಗೊದ ಸಮಕಾಲೀನ ಕಲಾ ಸಂಗ್ರಹಾಲಯ ಇದಕ್ಕೆಂದೇ ‘ಕೊಯೋಟಿ’ ಎಂಬ ತಂತ್ರಾಂಶ ಮಾಡಿಸಿತು. ಅದರಲ್ಲಿ ಚಿತ್ರಗಳಿಗೆ ವಿವರಣೆ ಬರೆದವರು ಅಲ್ಲಿನ ಸಿಬ್ಬಂದಿಯೇ. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಇಂಥ ನಿಯಮಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಹೇಳಿತು. ಆದರೆ ವಾಕ್ಯ ಬರೆಯುವ ಕೈಗಳನ್ನು ಕೋರ್ಟು ಕೊಡಲಾರದಲ್ಲ.

ಕನ್ನಡಕ್ಕೆ ಇನ್ನೊಂದು ತಾಪತ್ರಯ. ಪುಟದ ಭಾಷೆ ಕನ್ನಡ ಎಂದು ಕೋಡಿನಲ್ಲಿ ಎರಡಕ್ಷರ ಬರೆಯದಿದ್ದರೆ ಸ್ಕ್ರೀನ್ ರೀಡರ್ ಇಂಗ್ಲಿಷ್ ದನಿಯಲ್ಲಿ ತೊದಲಬಹುದು, ಇಲ್ಲವೇ ಸುಮ್ಮನಾಗಬಹುದು. ಇದು ಐದು ನಿಮಿಷದ ಕೆಲಸ. ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ ವಿವರಗಳದ್ದೇ ದೊಡ್ಡ ತಲೆನೋವು. ಕಣ್ಣಿಗೆ ಚೆಂದದ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳು. ಯೂನಿಕೋಡಿಗೆ ಬದಲಿಸಿದ ಮೇಲೂ ಒತ್ತಕ್ಷರ ಎಲ್ಲಿ ಕೆಟ್ಟಿದೆ ಎಂದು ಒಂದೊಂದು ಸಾಲನ್ನೂ ಯಾರಾದರೂ ಓದಬೇಕು.

ಅಲ್ಲಿ ಕ್ಯುರೇಟರ್ ಒಬ್ಬರೇ, ವಸ್ತುಗಳು ನೂರಾರು. ಹಾಗಾಗಿ ಶನಿವಾರ ಬೆಳಗ್ಗೆ ನಾವು ನಾಲ್ಕು ಜನ ಆನ್‌ಲೈನಿನಲ್ಲಿ ಕೂತು ವಿವರಣೆ ಬರೆಯುತ್ತೇವೆ, ಅವರು ತಿದ್ದುತ್ತಾರೆ. ಕೋಡಿಂಗ್ ಬರಬೇಕಿಲ್ಲ, ಕನ್ನಡ ಬಂದರಾಯಿತು. ಐದನೆಯವರು ಬೇಕಾಗಿದ್ದಾರೆ.